ಎಸ್‌ವಿಐ, ಸಿಆರ್‌ಇ, 7-1-7: ದೊಡ್ಡ ಸೋಂಕು ಬಂದರೆ ಊರು ಎಷ್ಟು ತಾಳೀತು ಎಂದು ಅಳೆಯುವ ಸಾಧನಗಳ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸಾಂಕ್ರಾಮಿಕ ಬಂದಾಗ ಯಾವ ಕೇರಿಗೆ ಪೆಟ್ಟು ಜಾಸ್ತಿ ಎಂದು ನಕ್ಷೆಯ ಮೇಲೆ ತೋರಿಸಬೇಕಿದ್ದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಸೋಷಿಯಲ್ ವಲ್ನರಬಿಲಿಟಿ ಇಂಡೆಕ್ಸ್, ಅಂದರೆ ಎಸ್‌ವಿಐ, ಒಳ್ಳೆಯ ಸಾಧನ. ಒಬ್ಬೊಬ್ಬರ ಮೇಲೆ ಎಷ್ಟು ಕಷ್ಟಗಳು ಒಟ್ಟೊಟ್ಟಿಗೆ ಬಿದ್ದಿವೆ ಎಂದು ತಿಳಿಯಬೇಕಿದ್ದರೆ ಅಲ್ಲಿನ ಸೆನ್ಸಸ್ ಬ್ಯೂರೋದ ಕಮ್ಯುನಿಟಿ ರೆಸಿಲಿಯನ್ಸ್ ಎಸ್ಟಿಮೇಟ್ಸ್, ಅಂದರೆ ಸಿಆರ್‌ಇ, ಅದಕ್ಕಿಂತ ವಾಸಿ. ಆದರೆ ಎರಡೂ ಅಳೆಯುವುದು ಊರಿನ ದುರ್ಬಲತೆಯನ್ನು, ತಾಳಿಕೆಯನ್ನಲ್ಲ. ತಾಳಿಕೆ ತಿಳಿಯಬೇಕಾದರೆ ದಿನ ಎಣಿಸಬೇಕು: ಮೊದಲ ಜ್ವರದಿಂದ ಯಾರಾದರೂ ಗಮನಿಸುವವರೆಗೆ ಎಷ್ಟು ದಿನ, ಗಮನಿಸಿದ್ದು ಮೇಲಿನವರಿಗೆ ಮುಟ್ಟಲು ಎಷ್ಟು ದಿನ, ಮುಟ್ಟಿದ ಮೇಲೆ ಕೆಲಸ ಆಗಲು ಎಷ್ಟು ದಿನ. ಅದನ್ನು ಎಣಿಸುವ 7-1-7 ಎಂಬ ಪದ್ಧತಿ ನೋಡಲು ಸಾದಾ. ಕರ್ನಾಟಕದ ಒಂದು ತಾಲ್ಲೂಕಿಗೆ ನಿಜಕ್ಕೂ ಹೊಂದುವುದು ಅದೇ.

ಎಲ್ಲವೂ ಉಚಿತ. ಎಕ್ಸೆಲ್ ಅಥವಾ ಲಿಬ್ರೆಆಫೀಸ್, ನಕ್ಷೆ ಬೇಕಿದ್ದರೆ ಕ್ಯೂಜಿಐಎಸ್ ಇದ್ದರೆ ಸಾಕು. ಅಮೆರಿಕದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆರೋಗ್ಯ ಇಲಾಖೆಗಳಲ್ಲಿ ದುಡಿಯುವ, ಅಲ್ಲಿ ಸಾರ್ವಜನಿಕ ಆರೋಗ್ಯ ಓದುವ ಕನ್ನಡಿಗರು ಮೊದಲೆರಡನ್ನು ದಿನವೂ ನೋಡುತ್ತಿರುತ್ತಾರೆ. ಅದೇ ಲೆಕ್ಕವನ್ನು ಇಲ್ಲಿನ ತಾಲ್ಲೂಕುಗಳಿಗೆ ಹಚ್ಚುವ ಆಸೆ ಇರುವವರೂ ಇದ್ದಾರೆ. ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ.

ಎಸ್‌ವಿಐ: ಕಡತದೊಳಗೆ ಏನಿದೆ

ಇದು ಸಿಡಿಸಿ ಮತ್ತು ವಿಷವಸ್ತುಗಳ ಅಪಾಯ ನೋಡಿಕೊಳ್ಳುವ ಅದರ ಜೊತೆಗಾರ ಸಂಸ್ಥೆ ಎಟಿಎಸ್‌ಡಿಆರ್‌ನ ತಯಾರಿಕೆ. ಚಂಡಮಾರುತ, ಪ್ರವಾಹ, ವಿಷಾನಿಲ, ಸೋಂಕು ಎಲ್ಲಕ್ಕೂ ಒಂದೇ ಅಳತೆಗೋಲು. ಈಗಿನ ಆವೃತ್ತಿಯಲ್ಲಿ 16 ಅಂಶಗಳು, ನಾಲ್ಕು ಗುಂಪು. ಮೊದಲ ಗುಂಪಿನಲ್ಲಿ ಬಡತನ ರೇಖೆಯ ಶೇ 150ಕ್ಕಿಂತ ಕಡಿಮೆ ಆದಾಯ, ನಿರುದ್ಯೋಗ, ಮನೆ ಖರ್ಚಿನ ಹೊರೆ, ಹೈಸ್ಕೂಲ್ ಮುಗಿಸದಿರುವುದು, ಆರೋಗ್ಯ ವಿಮೆ ಇಲ್ಲದಿರುವುದು. ಎರಡನೆಯದರಲ್ಲಿ 65 ಮತ್ತು ಮೇಲಿನವರು, 17 ಮತ್ತು ಕೆಳಗಿನವರು, ಅಂಗವಿಕಲರು, ಒಬ್ಬರೇ ಪೋಷಕರಿರುವ ಮನೆಗಳು, ಇಂಗ್ಲಿಷ್ ಸರಿಯಾಗಿ ಬಾರದವರು. ಮೂರನೆಯದು ಜನಾಂಗೀಯ ಅಲ್ಪಸಂಖ್ಯಾತರ ಪ್ರಮಾಣ, ಅದೊಂದೇ. ನಾಲ್ಕನೆಯದರಲ್ಲಿ ಹತ್ತು ಅಥವಾ ಹೆಚ್ಚು ಮನೆಗಳಿರುವ ಕಟ್ಟಡ, ಸಾಗಿಸಬಹುದಾದ ಹಗುರ ಮನೆ ಅಂದರೆ ಮೊಬೈಲ್ ಹೋಮ್, ಕಿಕ್ಕಿರಿದ ಮನೆ, ವಾಹನ ಇಲ್ಲದ ಮನೆ, ಸಾಮೂಹಿಕ ವಸತಿ.

ಅಂಕಿಗಳು ಸೆನ್ಸಸ್ ಬ್ಯೂರೋ ನಡೆಸುವ ಮನೆಮನೆ ಸಮೀಕ್ಷೆ ಅಮೆರಿಕನ್ ಕಮ್ಯುನಿಟಿ ಸರ್ವೆಯ ಐದು ವರ್ಷದ ಸರಾಸರಿಯಿಂದ ಬರುತ್ತವೆ. 2022ರ ಎಸ್‌ವಿಐ ಎಂದರೆ 2018ರಿಂದ 2022ರವರೆಗಿನ ಚಿತ್ರ. ಲೆಕ್ಕದ ಘಟಕ ಸೆನ್ಸಸ್ ಟ್ರ್ಯಾಕ್ಟ್, ಸುಮಾರು 4,000 ಜನರ ಒಂದು ತುಂಡು. ಪ್ರತಿ ಟ್ರ್ಯಾಕ್ಟ್‌ಗೂ 0ಯಿಂದ 1ರವರೆಗೆ ಒಂದು ಅಂಕ. 1ಕ್ಕೆ ಹತ್ತಿರವಾದಷ್ಟೂ ದುರ್ಬಲ.

ಆ ಅಂಕ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡಲೇಬೇಕು, ಏಕೆಂದರೆ ಇದರ ಬಲವೂ ದೋಷವೂ ಅಲ್ಲೇ ಇವೆ. ಐದು ಪ್ರದೇಶಗಳಿವೆ ಎಂದುಕೊಳ್ಳಿ. ಕಿಕ್ಕಿರಿದ ಮನೆಗಳ ಪ್ರಮಾಣ ಶೇ 12, 18, 18, 25, 40. ತನಗಿಂತ ಕಡಿಮೆ ಇರುವ ಪ್ರದೇಶಗಳೆಷ್ಟು ಎಂದು ಎಣಿಸಿ, ಒಟ್ಟು ಸಂಖ್ಯೆಯಲ್ಲಿ ಒಂದು ಕಳೆದು, ಅಂದರೆ 4ರಿಂದ, ಭಾಗಿಸಬೇಕು. ಬರುವ ಅಂಕ 0, 0.25, 0.25, 0.75, 1. ಎಕ್ಸೆಲ್‌ನ ಪರ್ಸೆಂಟ್‌ರ‍್ಯಾಂಕ್ ಸೂತ್ರ ಮಾಡುವುದೂ ಇದನ್ನೇ. ಹೀಗೆ 16 ಅಂಶಗಳಿಗೂ ಅಂಕ ತೆಗೆದು, ಗುಂಪುವಾರು ಕೂಡಿಸಿ, ಆ ಮೊತ್ತಕ್ಕೆ ಮತ್ತೆ ಇದೇ ಲೆಕ್ಕ. ಕೊನೆಗೆ ನಾಲ್ಕೂ ಗುಂಪಿನ ಮೊತ್ತ ಕೂಡಿಸಿ ಮತ್ತೊಮ್ಮೆ.

ಈಗ ಕೊನೆಯ ಪ್ರದೇಶವನ್ನೇ ನೋಡಿ. ಅಲ್ಲಿ ಹೊಸ ಮನೆಗಳಾಗಿ ಶೇ 40 ಇದ್ದದ್ದು 26ಕ್ಕೆ ಇಳಿಯಿತು. ದೊಡ್ಡ ಸುಧಾರಣೆ. ಆದರೂ ಅಂಕ 1 ಆಗಿಯೇ ಉಳಿಯುತ್ತದೆ, ಏಕೆಂದರೆ ಸಾಲಿನಲ್ಲಿ ಅದು ಈಗಲೂ ಕೊನೆಯದು. ಇಡೀ ದೇಶ ಸುಧಾರಿಸಿದರೂ ಅರ್ಧ ಟ್ರ್ಯಾಕ್ಟ್‌ಗಳು 0.5ಕ್ಕಿಂತ ಮೇಲೆಯೇ ಇರುತ್ತವೆ. ಹಾಗಾಗಿ 'ನಮ್ಮ ಕಾರ್ಯಕ್ರಮದಿಂದ ತಾಳಿಕೆ ಹೆಚ್ಚಿತೇ' ಎಂದು ಎಸ್‌ವಿಐ ಅಂಕದ ಏರಿಳಿತದಿಂದ ಹೇಳಲು ಹೋಗಬಾರದು. ಹೇಳಬೇಕಿದ್ದರೆ ಮೂಲ ಶೇಕಡಾವಾರು ಅಂಕಣಗಳನ್ನು ಹಿಡಿಯಬೇಕು. ಇನ್ನೊಂದು: ಮೂರನೆಯ ಗುಂಪಿನಲ್ಲಿ ಒಂದೇ ಅಂಶ ಇರುವುದರಿಂದ ಒಟ್ಟು ಅಂಕದಲ್ಲಿ ಅದರ ಪಾಲು 16ರಲ್ಲಿ 1, ಉಳಿದ ಗುಂಪುಗಳದ್ದು 5. ನಾಲ್ಕು ಗುಂಪೂ ಸಮ ಎಂದು ವರದಿ ಬರೆಯುವವರು ಇಲ್ಲೇ ಎಡವುತ್ತಾರೆ.

ಕಡತ ತೆರೆದವರು ಸಾಮಾನ್ಯವಾಗಿ ಮಾಡುವ ತಪ್ಪುಗಳು ಇನ್ನೂ ಸಾದಾ. ಜನವಸತಿ ಇಲ್ಲದ, ಮಾಹಿತಿ ಇಲ್ಲದ ಟ್ರ್ಯಾಕ್ಟ್‌ಗಳಲ್ಲಿ -999 ಎಂದು ಬರೆದಿರುತ್ತದೆ. ಅದನ್ನು ಖಾಲಿ ಮಾಡದೆ ಸರಾಸರಿ ತೆಗೆದರೆ ಸರಾಸರಿ ಕೆಡುತ್ತದೆ. ವಿಂಗಡಿಸಿದರೆ ವಿಮಾನ ನಿಲ್ದಾಣವೋ ಕೆರೆಯೋ ದೇಶದಲ್ಲೇ ಅತಿ ಸುರಕ್ಷಿತ ಜಾಗವಾಗಿ ಮೇಲೆ ಬಂದು ಕೂರುತ್ತದೆ. ಟ್ರ್ಯಾಕ್ಟ್‌ನ ಗುರುತು ಸಂಖ್ಯೆ 11 ಅಂಕಿಯದು: ರಾಜ್ಯಕ್ಕೆ 2, ಕೌಂಟಿಗೆ 3, ಟ್ರ್ಯಾಕ್ಟ್‌ಗೆ 6. ಅಲಬಾಮಾದ ಸಂಖ್ಯೆ 01, ಕ್ಯಾಲಿಫೋರ್ನಿಯಾದ್ದು 06. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಮೊದಲಿನ ಸೊನ್ನೆ ಹಾರಿಹೋಗಿ, ನಕ್ಷೆಯ ಜೊತೆ ಕೂಡಿಸುವಾಗ ಇಡೀ ಕ್ಯಾಲಿಫೋರ್ನಿಯಾ ಬಿಳಿ ಉಳಿಯುತ್ತದೆ. ಕಡತವನ್ನು ಆಮದು ಮಾಡುವಾಗಲೇ ಆ ಅಂಕಣವನ್ನು ಪಠ್ಯ ಎಂದು ಗುರುತಿಸಬೇಕು. ರಾಜ್ಯದ ಕಡತ ಬೇರೆ, ದೇಶದ ಕಡತ ಬೇರೆ ಎಂಬುದನ್ನೂ ಮರೆಯಬಾರದು: ರಾಜ್ಯದ ಕಡತದಲ್ಲಿ ಅಂಕ ಆ ರಾಜ್ಯದೊಳಗಿನ ಹೋಲಿಕೆ ಮಾತ್ರ. ಟೆಕ್ಸಸ್‌ನ 0.8 ಮತ್ತು ಮಿನೆಸೋಟದ 0.8 ಒಂದೇ ಅಲ್ಲ.

ವರ್ಷದಿಂದ ವರ್ಷಕ್ಕೆ ಹೋಲಿಸುವವರಿಗೆ ಇನ್ನೊಂದು ತೊಡಕು. 2018ರ ಆವೃತ್ತಿಯಲ್ಲಿ 15 ಅಂಶಗಳಿದ್ದವು. 2020ರಲ್ಲಿ ತಲಾ ಆದಾಯ ಹೋಗಿ, ಮನೆ ಖರ್ಚಿನ ಹೊರೆ ಮತ್ತು ವಿಮೆ ಒಳಗೆ ಬಂದವು, ಬಡತನದ ಗೆರೆ ಬದಲಾಯಿತು, ಟ್ರ್ಯಾಕ್ಟ್ ಗಡಿಗಳೂ ಬದಲಾದವು. 2022ರಲ್ಲಿ ಕನೆಕ್ಟಿಕಟ್‌ನ ಹಳೆಯ ಕೌಂಟಿಗಳ ಜಾಗದಲ್ಲಿ ಯೋಜನಾ ಪ್ರದೇಶಗಳು ಬಂದವು. ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು 'ಹದಗೆಟ್ಟಿದೆ' ಎಂದು ಹೇಳುವ ಮೊದಲು ಇಷ್ಟನ್ನೂ ಸರಿಪಡಿಸಿರಬೇಕು.

ಪ್ರತಿ ಅಂಶದ ಪಕ್ಕದಲ್ಲಿ ಎಂ ಅಕ್ಷರದಿಂದ ಶುರುವಾಗುವ ಅಂಕಣವೊಂದಿದೆ, ಅದು ಮಾರ್ಜಿನ್ ಆಫ್ ಎರರ್, ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂಬ ಮಿತಿ, ಶೇ 90ರ ಭರವಸೆಯಲ್ಲಿ ಕೊಟ್ಟದ್ದು. ಇದನ್ನು ಓದುವವರು ಕಡಿಮೆ. ಒಂದು ಟ್ರ್ಯಾಕ್ಟ್‌ನಲ್ಲಿ ವಾಹನ ಇಲ್ಲದ ಮನೆ ಶೇ 12, ಮಾರ್ಜಿನ್ 9 ಎಂದಿದ್ದರೆ ನಿಜ ಸಂಖ್ಯೆ 3 ಇರಬಹುದು, 21 ಇರಬಹುದು. 0.72 ಮತ್ತು 0.78ರ ನಡುವೆ ಲಸಿಕೆ ವ್ಯಾನ್ ಎಲ್ಲಿಗೆ ಕಳಿಸಬೇಕು ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಮೇಲಿನ ಕಾಲುಭಾಗ, ಕೆಳಗಿನ ಕಾಲುಭಾಗ ಎಂದು ಒರಟಾಗಿ ನೋಡಿದರೆ ಈ ಸಾಧನ ನಂಬಿಕೆಗೆ ಅರ್ಹ.

ಅಮೆರಿಕದ ನ್ಯಾಷನಲ್ ಅಕಾಡೆಮಿಗಳ ಸಮಿತಿ 2020ರ ಅಕ್ಟೋಬರಿನಲ್ಲಿ ಕೊಟ್ಟ ಸಲಹೆಯೂ ಇಂಥದ್ದೇ ಆಗಿತ್ತು: ಕೋವಿಡ್ ಲಸಿಕೆಯ ಶೇ 10ರಷ್ಟನ್ನು ಎಸ್‌ವಿಐಯ ಮೇಲಿನ ಕಾಲುಭಾಗದ ಪ್ರದೇಶಗಳಿಗೆ ಮೀಸಲಿಡಿ ಎಂದು. ಕ್ಯಾಲಿಫೋರ್ನಿಯಾ 2021ರ ಮಾರ್ಚ್‌ನಲ್ಲಿ ಶೇ 40ರಷ್ಟು ಡೋಸ್‌ಗಳನ್ನು ಕಷ್ಟದ ಪ್ರದೇಶಗಳಿಗೆ ತೆಗೆದಿಟ್ಟಾಗ ಬಳಸಿದ್ದು ಎಸ್‌ವಿಐ ಅಲ್ಲ, ಆ ರಾಜ್ಯಕ್ಕೆಂದೇ ಕಟ್ಟಿದ ಹೆಲ್ದಿ ಪ್ಲೇಸಸ್ ಇಂಡೆಕ್ಸ್. ಎರಡೂ ಕಡೆ ಸೂಚ್ಯಂಕ ಮಾಡಿದ ಕೆಲಸ ಒಂದೇ: ಸರತಿಯಲ್ಲಿ ಹಿಂದೆ ಬೀಳುವವರನ್ನು ಮುಂದೆ ತರುವುದು. ಈ ಕೆಲಸಕ್ಕೆ ಎಸ್‌ವಿಐಗೆ ಪೂರ್ತಿ ಅಂಕ ಕೊಡುತ್ತೇವೆ.

ಸೋಂಕಿನ ವಿಷಯಕ್ಕೆ ಬಂದರೆ ಮಾತ್ರ ಇದರ ಕಣ್ಣು ಮಂಜು. 'ಸಾಮೂಹಿಕ ವಸತಿ' ಎಂಬ ಒಂದೇ ಅಂಕಣದಲ್ಲಿ ಕಾಲೇಜು ಹಾಸ್ಟೆಲ್, ಜೈಲು, ಸೈನಿಕರ ಬ್ಯಾರಕ್, ವೃದ್ಧರ ಆರೈಕೆ ಕೇಂದ್ರ ಎಲ್ಲವೂ ಸೇರಿವೆ. 2020ರ ಫೆಬ್ರುವರಿ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್‌ನಲ್ಲಿ ಕೋವಿಡ್ ಪ್ರಾಣ ತೆಗೆದದ್ದು ಆರೈಕೆ ಕೇಂದ್ರದ ವೃದ್ಧರದ್ದು. ಇಪ್ಪತ್ತರ ಹುಡುಗರಿರುವ ಹಾಸ್ಟೆಲನ್ನೂ ಎಂಬತ್ತರ ಅಜ್ಜಿಯರಿರುವ ಕೇಂದ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಂಕಣದಿಂದ ಅಂಥ ಅಪಾಯ ಕಾಣುವುದಿಲ್ಲ. ಮೊಬೈಲ್ ಹೋಮ್ ಒಳಗಿರುವುದು ಚಂಡಮಾರುತದ ಭಯಕ್ಕೆ. ಉಸಿರಿನಿಂದ ಹರಡುವ ರೋಗಕ್ಕೆ ಅದರ ಸಂಬಂಧ ದೂರದ್ದು. ಆಸ್ಪತ್ರೆ ಎಷ್ಟು ದೂರ, ಹಾಸಿಗೆ ಎಷ್ಟು, ಸಕ್ಕರೆ ಕಾಯಿಲೆಯವರೆಷ್ಟು ಎಂಬುದು 16ರಲ್ಲಿ ಎಲ್ಲೂ ಇಲ್ಲ.

ಸಿಆರ್‌ಇ: ಒಬ್ಬರ ಮೇಲೆ ಎಷ್ಟು ಹೊರೆ

ಹತ್ತು ಮನೆಗಳ ಒಂದು ಬೀದಿ. ಐದು ಮನೆಯಲ್ಲಿ ವೃದ್ಧರು, ಐದು ಮನೆಯಲ್ಲಿ ವಾಹನ ಇಲ್ಲ, ಐದು ಮನೆಯಲ್ಲಿ ಇಂಟರ್ನೆಟ್ ಇಲ್ಲ. ಈ ಮೂರೂ ಅದೇ ಐದು ಮನೆಗಳೇ, ಅಥವಾ ಹಂಚಿಹೋಗಿವೆಯೇ? ಎಸ್‌ವಿಐಯಂಥ ಸೂಚ್ಯಂಕಕ್ಕೆ ಇದು ತಿಳಿಯುವುದಿಲ್ಲ. ಅದರ ಕೈಲಿರುವುದು ಬೀದಿಯ ಶೇಕಡಾವಾರು ಮಾತ್ರ. ಹಂಚಿಹೋಗಿದ್ದರೆ ಪಕ್ಕದ ಮನೆಯವರು ಬೈಕ್‌ನಲ್ಲಿ ಅಜ್ಜನನ್ನು ಆಸ್ಪತ್ರೆಗೆ ಒಯ್ದಾರು. ಮೂರೂ ಒಂದೇ ಮನೆಯ ಮೇಲೆ ಬಿದ್ದಿದ್ದರೆ ಆ ಮನೆಗೆ ಗತಿಯಿಲ್ಲ.

ಸಿಆರ್‌ಇ ಈ ಪ್ರಶ್ನೆಯನ್ನೇ ಹಿಡಿದಿದೆ. ಕೋವಿಡ್ ಬಂದ ಮೇಲೆ, 2020ರ ಜೂನ್‌ನಲ್ಲಿ ಪ್ರಾಯೋಗಿಕವಾಗಿ ಹೊರಬಂತು. ಸೆನ್ಸಸ್ ಬ್ಯೂರೋ ಬಳಿ ಸಮೀಕ್ಷೆಯ ವ್ಯಕ್ತಿಮಟ್ಟದ ಉತ್ತರಗಳೇ ಇರುವುದರಿಂದ ಒಬ್ಬೊಬ್ಬರಿಗೂ ಹತ್ತು ಅಪಾಯಗಳಲ್ಲಿ ಎಷ್ಟಿವೆ ಎಂದು ಎಣಿಸುತ್ತದೆ: ಕಡಿಮೆ ಆದಾಯ, ಮನೆಯಲ್ಲಿ 18ರಿಂದ 64 ವಯಸ್ಸಿನವರು ಒಬ್ಬರೇ ಇರುವುದು ಅಥವಾ ಯಾರೂ ಇಲ್ಲದಿರುವುದು, ಜನದಟ್ಟಣೆ, ಭಾಷೆಯ ಅಥವಾ ಓದಿನ ತೊಡಕು, ವರ್ಷಪೂರ್ತಿ ಪೂರ್ಣಾವಧಿ ದುಡಿಯುವವರು ಮನೆಯಲ್ಲಿ ಯಾರೂ ಇಲ್ಲದಿರುವುದು, ಅಂಗವೈಕಲ್ಯ, ವಿಮೆ ಇಲ್ಲದಿರುವುದು, 65 ದಾಟಿದ ವಯಸ್ಸು, ವಾಹನ ಇಲ್ಲದಿರುವುದು, ಬ್ರಾಡ್‌ಬ್ಯಾಂಡ್ ಇಲ್ಲದಿರುವುದು. ಆಮೇಲೆ ಪ್ರತಿ ಪ್ರದೇಶದಲ್ಲಿ ಒಂದೂ ಇಲ್ಲದವರು, ಒಂದೆರಡು ಇರುವವರು, ಮೂರು ಅಥವಾ ಹೆಚ್ಚು ಇರುವವರು ಎಷ್ಟು ಎಂದು ಕೊಡುತ್ತದೆ. ಇದು ಸಾಲಿನಲ್ಲಿ ನಿಲ್ಲಿಸಿದ ಸ್ಥಾನವಲ್ಲ, ನಿಜವಾದ ಜನರ ಅಂದಾಜು ಸಂಖ್ಯೆ. ಹಾಗಾಗಿ 'ಈ ಪ್ರದೇಶದಲ್ಲಿ ಮೂರು ಅಥವಾ ಹೆಚ್ಚು ಹೊರೆ ಇರುವವರು 900 ಮಂದಿ, ಅಷ್ಟು ಜನರಿಗೆ ಮನೆಬಾಗಿಲಿಗೆ ಊಟ ಕಳಿಸಲು ಸಿದ್ಧರಿರಬೇಕು' ಎಂದು ಯೋಜನೆ ಮಾಡಬಹುದು. 0.83 ಎಂಬ ಅಂಕದಿಂದ ಒಂದು ಪೊಟ್ಟಣ ಊಟವನ್ನೂ ಲೆಕ್ಕ ಹಾಕಲಾಗದು.

ಕುಂದು ಇಲ್ಲದಿಲ್ಲ. ಮುಖ್ಯ ಕಡತ ಯಾವ ಮೂರು ಎಂದು ಹೇಳುವುದಿಲ್ಲ. ಕಾರೂ ಬ್ರಾಡ್‌ಬ್ಯಾಂಡೂ ಇಲ್ಲದೆ ಇಕ್ಕಟ್ಟಾದ ಕೋಣೆಯಲ್ಲಿರುವ 24ರ ವಿದ್ಯಾರ್ಥಿಯೂ, ಒಂಟಿಯಾಗಿರುವ ಅಂಗವಿಕಲ 80ರ ವೃದ್ಧೆಯೂ ಒಂದೇ ಪೆಟ್ಟಿಗೆಯಲ್ಲಿ ಬೀಳುತ್ತಾರೆ. ಎಲ್ಲ ಅಪಾಯಕ್ಕೂ ಒಂದೇ ತೂಕ. ಇನ್ಫ್ಲುಯೆಂಜಾಕ್ಕೆ ವಯಸ್ಸು ಮುಖ್ಯ, ದಡಾರಕ್ಕೆ ಲಸಿಕೆ ಆಗಿದೆಯೇ ಎಂಬುದು ಮುಖ್ಯ. ಸಿಆರ್‌ಇಗೆ ರೋಗ ಯಾವುದಾದರೂ ಒಂದೇ. ಹೆಸರಿನಲ್ಲಿ ರೆಸಿಲಿಯನ್ಸ್ ಇದ್ದರೂ ಅದು ಎಣಿಸುವುದು ಕೊರತೆಗಳನ್ನೇ.

ಭಾರತದಲ್ಲಿ ಇದೇ ಲೆಕ್ಕ

2020ರಲ್ಲಿ ಸಂಶೋಧನಾ ಸಂಸ್ಥೆ ಪಾಪ್ಯುಲೇಷನ್ ಕೌನ್ಸಿಲ್‌ನ ಸಂಶೋಧಕರು ಎಸ್‌ವಿಐ ಮಾದರಿಯಲ್ಲೇ ಭಾರತದ ರಾಜ್ಯಗಳಿಗೂ ಜಿಲ್ಲೆಗಳಿಗೂ ಕೋವಿಡ್ ದುರ್ಬಲತೆಯ ಸೂಚ್ಯಂಕ ಕಟ್ಟಿದರು. 15 ಅಂಶ, ಐದು ವಿಭಾಗ: ಆರ್ಥಿಕ–ಸಾಮಾಜಿಕ ಸ್ಥಿತಿ, ಜನಸಂಖ್ಯೆ, ವಸತಿ ಮತ್ತು ನೈರ್ಮಲ್ಯ, ಆರೋಗ್ಯ ಸೌಲಭ್ಯ, ರೋಗಗಳ ಹಿನ್ನೆಲೆ. ಎಸ್‌ವಿಐಯಲ್ಲಿ ಇಲ್ಲದ ಕೊನೆಯ ಎರಡನ್ನು ಸೇರಿಸಿದ್ದು ಸರಿಯಾದ ಹೆಜ್ಜೆ. ಬಿಹಾರ, ಮಧ್ಯಪ್ರದೇಶ, ತೆಲಂಗಾಣ, ಜಾರ್ಖಂಡ್, ಉತ್ತರ ಪ್ರದೇಶ, ಮಹಾರಾಷ್ಟ್ರ, ಪಶ್ಚಿಮ ಬಂಗಾಳ, ಒಡಿಶಾ, ಗುಜರಾತ್ ಈ ಒಂಬತ್ತು 0.75ಕ್ಕಿಂತ ಮೇಲೆ ಬಂದವು.

ಪಟ್ಟಿಯಲ್ಲಿ ಇಲ್ಲದ ಕೇರಳ ಆಮೇಲೆ ವರದಿಯಾದ ಪ್ರಕರಣಗಳಲ್ಲಿ ದೇಶಕ್ಕೆ ಎರಡನೆಯದಾಯಿತು. ಸೂಚ್ಯಂಕ ಸುಳ್ಳಾಯಿತು ಎಂದು ಹಲವರು ಅಂದರು. ಅವಸರದ ಮಾತು ಅದು. ಐಸಿಎಂಆರ್ 2021ರ ಜೂನ್–ಜುಲೈನಲ್ಲಿ ನಡೆಸಿದ ನಾಲ್ಕನೆಯ ಸೀರೋ (ರಕ್ತಪರೀಕ್ಷೆಯ) ಸಮೀಕ್ಷೆಯಲ್ಲಿ ಪ್ರತಿಕಾಯ, ಅಂದರೆ ಸೋಂಕಿನ ಅಥವಾ ಲಸಿಕೆಯ ಗುರುತು, ಇದ್ದವರು ಮಧ್ಯಪ್ರದೇಶದಲ್ಲಿ ಶೇ 79, ಕರ್ನಾಟಕದಲ್ಲಿ 69.8, ಕೇರಳದಲ್ಲಿ 44.4, ಸಮೀಕ್ಷೆ ನಡೆದ ರಾಜ್ಯಗಳಲ್ಲೇ ಕಡಿಮೆ. ಕೇರಳದಲ್ಲಿ ಸೋಂಕು ಹೆಚ್ಚಿರಲಿಲ್ಲ, ಸೋಂಕನ್ನು ಹಿಡಿಯುವ ಕಣ್ಣು ಚುರುಕಾಗಿತ್ತು. ಪರೀಕ್ಷೆ ಹೆಚ್ಚು ಮಾಡಿದವರು ಕೆಟ್ಟವರಾಗಿ, ಮಾಡದವರು ಒಳ್ಳೆಯವರಾಗಿ ಕಾಣುವ ಅಂಕಿಯನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಯಾವ ಸೂಚ್ಯಂಕಕ್ಕೂ ನ್ಯಾಯ ಸಿಗದು. ದೇಶಗಳ ಮಟ್ಟದಲ್ಲಿ ಬೇರೊಂದು ಬಗೆಯ ಎಡವಟ್ಟಾಯಿತು: ದೇಶಗಳ ಸಾಂಕ್ರಾಮಿಕ ಸಿದ್ಧತೆ ಅಳೆಯುವ 2019ರ ಗ್ಲೋಬಲ್ ಹೆಲ್ತ್ ಸೆಕ್ಯುರಿಟಿ ಇಂಡೆಕ್ಸ್ ಅಮೆರಿಕಕ್ಕೆ 100ಕ್ಕೆ 83.5 ಕೊಟ್ಟು ಜಗತ್ತಿಗೇ ಮೊದಲ ಸ್ಥಾನದಲ್ಲಿಟ್ಟಿತ್ತು. ಮರುವರ್ಷ ಆ ದೇಶ ಹೇಗೆ ತತ್ತರಿಸಿತು ಎಂಬುದು ಎಲ್ಲರಿಗೂ ಗೊತ್ತು. ಸೌಲಭ್ಯ ಇರುವುದು ಬೇರೆ, ಸಮಯಕ್ಕೆ ಅದು ನಡೆಯುವುದು ಬೇರೆ.

ಜಿಲ್ಲಾ ಸೂಚ್ಯಂಕ ಕರ್ನಾಟಕದ ಕೆಲಸಕ್ಕೆ ಒರಟು. ಉತ್ತರ ಕನ್ನಡಕ್ಕೆ ಒಂದೇ ಸಂಖ್ಯೆ ಎಂದರೆ ಕಾರವಾರದ ಪೇಟೆ, ಜೋಯಿಡಾದ ಕಾಡಿನ ಚದುರಿದ ಮನೆಗಳು, ಮುಂಡಗೋಡದ ಬಯಲು ಎಲ್ಲಕ್ಕೂ ಒಂದೇ. ತಾಲ್ಲೂಕು ಮಟ್ಟದ ಸೂಚ್ಯಂಕ ನಮಗೆ ಹೊಸದೂ ಅಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದು ಗುರುತಿಸಿತು. ಅಲ್ಲಿ ರಾಜ್ಯದ ಸರಾಸರಿಯನ್ನು 1 ಎಂದಿಟ್ಟು ಹೋಲಿಸಿದ್ದರಿಂದ, ಬರೀ ಸ್ಥಾನವಲ್ಲದೆ ಅಂತರವೂ ಕಾಣುತ್ತದೆ. ಎಸ್‌ವಿಐಗಿಂತ ಆ ಒಂದು ವಿಷಯದಲ್ಲಿ ಅದೇ ಮೇಲು.

ಸ್ವತಃ ಕಟ್ಟುವವರಿಗೆ: ವಸತಿಯ ಅಂಕಿಗಳು, ಅಂದರೆ ಕೋಣೆಗಳ ಸಂಖ್ಯೆ, ನೀರಿನ ಮೂಲ ಎಷ್ಟು ದೂರ, ಶೌಚಾಲಯ, ಫೋನ್, ವಾಹನ, 2011ರ ಜನಗಣತಿಯ ಮನೆಪಟ್ಟಿಯಲ್ಲಿ ಹಳ್ಳಿವಾರು ಸಿಗುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಗಿಂತ ಕೆಳಗೆ ಇಳಿಯುವುದಿಲ್ಲ. ಜಿಲ್ಲೆಯ ಅಂಕಿಯನ್ನೇ ಎಲ್ಲ ತಾಲ್ಲೂಕಿಗೂ ಹಂಚಿದರೆ ಅದು ಅಳತೆಯಲ್ಲ. 2011ರ ನಂತರ ದಾಂಡೇಲಿ, ಕಡಬ, ಬ್ರಹ್ಮಾವರದಂಥ ಹೊಸ ತಾಲ್ಲೂಕುಗಳಾಗಿರುವುದರಿಂದ ಹಳೆಯ ತಾಲ್ಲೂಕಿನ ಮೊತ್ತ ಹಿಡಿಯದೆ ಹಳ್ಳಿಯ ಆರಂಕಿ ಸಂಕೇತದಿಂದ ಹೊಸದಾಗಿ ಕೂಡಿಸಬೇಕು. ಶೇಕಡಾವಾರುಗಳನ್ನು ಕೂಡಿಸಬೇಡಿ, ಮನೆಗಳ ಸಂಖ್ಯೆ ಕೂಡಿಸಿ ಆಮೇಲೆ ಶೇಕಡಾ ತೆಗೆಯಿರಿ. ಸೌಲಭ್ಯಕ್ಕೆ ಮಾನದಂಡ ಎಲ್ಲ ಕಡೆ ಒಂದೇ ಅಲ್ಲ: ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲಿನಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000ಕ್ಕೊಂದು, ಉಪಕೇಂದ್ರ 5,000 ಮತ್ತು 3,000. ಮಹಿಳಾ ಸಾಕ್ಷರತೆಯಂಥ 'ಹೆಚ್ಚಿದ್ದಷ್ಟೂ ಒಳ್ಳೆಯದು' ಅಂಶಗಳ ಅಂಕವನ್ನು 1ರಿಂದ ಕಳೆದು ತಿರುಗಿಸಬೇಕು. ಇದೊಂದನ್ನು ಮರೆತರೆ ಓದಿದ ತಾಲ್ಲೂಕುಗಳೆಲ್ಲ ದುರ್ಬಲವಾಗಿ ಕೆಂಪು ಬಣ್ಣಕ್ಕೆ ತಿರುಗುತ್ತವೆ, ನಕ್ಷೆ ನೋಡಲು ಮಾತ್ರ ಚೆನ್ನಾಗಿಯೇ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಮಂಗನ ಕಾಯಿಲೆ ಈ ನಕ್ಷೆಗೆ ಸಿಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡನ್ನು ಹಿಂಡಿತು. ಅಲ್ಲಿ ಜನದಟ್ಟಣೆ ಇಲ್ಲ, ಮನೆಗಳು ದೂರ ದೂರ. ಅಪಾಯ ಇರುವುದು ಕೊಟ್ಟಿಗೆಗೆ ತರಗೆಲೆ ತರಲು, ದನ ಮೇಯಿಸಲು, ಸೌದೆಗೆ ಕಾಡಿಗೆ ಹೋಗುವ ಕಾಲಿನಲ್ಲಿ. ರೋಗ ಹರಡುವ ಉಣ್ಣೆ ಹುಳ ಹತ್ತುವುದು ಅಲ್ಲಿ. ಯಾವ ತಿಂಗಳಲ್ಲಿ ಯಾರು ಕಾಡಿಗೆ ಹೋಗುತ್ತಾರೆ, ಉಣ್ಣೆ ಓಡಿಸುವ ಡೇಪಾ ಎಣ್ಣೆ ಮನೆಗೆ ಮುಟ್ಟಿದೆಯೇ, ಮುಟ್ಟಿದ್ದನ್ನು ಹಚ್ಚಿಕೊಳ್ಳುತ್ತಾರೆಯೇ, ಮಂಗ ಸತ್ತರೆ ಯಾರಿಗೆ ಫೋನ್ ಮಾಡುತ್ತಾರೆ: ಇವು ಯಾವ ಜನಗಣತಿಯಲ್ಲೂ ಇಲ್ಲ. ರೋಗವನ್ನು ಹೆಸರಿಸದೆ ಕಟ್ಟಿದ ಸೂಚ್ಯಂಕಕ್ಕೆ ಮಲೆನಾಡು ಸುರಕ್ಷಿತವಾಗಿಯೇ ಕಾಣುತ್ತದೆ.

7-1-7: ದಿನ ಎಣಿಸುವ ಪದ್ಧತಿ

ಸೋಂಕು ತಲೆದೋರಿದ 7 ದಿನದೊಳಗೆ ಪತ್ತೆ, ಪತ್ತೆಯಾದ 1 ದಿನದೊಳಗೆ ಸಂಬಂಧಪಟ್ಟವರಿಗೆ ವರದಿ, ಮುಂದಿನ 7 ದಿನದೊಳಗೆ ಆರಂಭಿಕ ಕ್ರಮಗಳೆಲ್ಲ ಪೂರ್ಣ. ರಿಸಾಲ್ವ್ ಟು ಸೇವ್ ಲೈವ್ಸ್ ಎಂಬ ಸಂಸ್ಥೆ 2021ರಲ್ಲಿ ಮುಂದಿಟ್ಟ ಗುರಿ ಇದು. ಐದು ದೇಶಗಳ 41 ಘಟನೆಗಳನ್ನು ಹೀಗೆ ಅಳೆದಾಗ ಮೂರೂ ಗುರಿ ಮುಟ್ಟಿದ್ದು 11 ಮಾತ್ರ. ಕಷ್ಟದ ಗುರಿ, ಆದರೆ ಅಸಾಧ್ಯವಲ್ಲ.

2018ರ ಕೋಯಿಕ್ಕೋಡ್ ನಿಪಾವನ್ನು ಇದರ ಮೇಲಿಟ್ಟು ನೋಡಿ. ಮೊದಲ ರೋಗಿ ತೀರಿಕೊಂಡದ್ದು ಮೇ 5ರಂದು, ಕಾರಣ ತಿಳಿಯದೆಯೇ. ಅದೇ ಮನೆಯ ಇನ್ನೊಬ್ಬರು ಅದೇ ಲಕ್ಷಣಗಳಿಂದ ಮೇ 17ರ ಹೊತ್ತಿಗೆ ಆಸ್ಪತ್ರೆಗೆ ಬಂದಾಗ ವೈದ್ಯರಿಗೆ ಅನುಮಾನ ಬಂತು. ಮಾದರಿಗಳು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋದವು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಯ ದೃಢೀಕರಣವೂ ಸೇರಿ ಕೆಲವೇ ದಿನಗಳಲ್ಲಿ ನಿಪಾ ಎಂದು ಗೊತ್ತಾಯಿತು. ಮೊದಲ 7 ತಪ್ಪಿತು. ಮುಂದಿನ 1 ಮತ್ತು 7 ಬಹಳ ಚುರುಕಾಗಿ ನಡೆದವು. ತಪ್ಪಿದ ಆ ದಿನಗಳಲ್ಲಿಯೇ ಸೋಂಕು ಆಸ್ಪತ್ರೆಯ ವಾರ್ಡು, ಕಾರಿಡಾರುಗಳಲ್ಲಿ ಇತರರಿಗೆ ದಾಟಿತ್ತು. ಸಾಮಾಜಿಕ ಸೂಚ್ಯಂಕ ಇದನ್ನು ಹೇಳುವುದಿಲ್ಲ. ಕೋಯಿಕ್ಕೋಡ್ ಎಲ್ಲಿ ಎಡವಿತು, ಎಲ್ಲಿ ಎದ್ದು ನಿಂತಿತು ಎಂಬುದನ್ನು ತೋರಿಸಿದ್ದು ತಾರೀಖುಗಳು.

ತಾಲ್ಲೂಕಿನಲ್ಲಿ ಇದಕ್ಕೆ ಬೇಕಾದ ಅರ್ಧ ಕೆಲಸ ಆಗಲೇ ನಡೆಯುತ್ತಿದೆ. ಸರ್ಕಾರದ ರೋಗ ನಿಗಾ ವ್ಯವಸ್ಥೆಯಾದ ಐಎಚ್‌ಐಪಿ ಪೋರ್ಟಲ್‌ನಲ್ಲಿ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ತುಂಬುವ ಎಸ್ ನಮೂನೆ, ವೈದ್ಯಾಧಿಕಾರಿಯ ಪಿ ನಮೂನೆ, ಪ್ರಯೋಗಾಲಯದ ಎಲ್ ನಮೂನೆ ಮೂರರಲ್ಲೂ ದಿನಾಂಕಗಳಿವೆ. ಒಂದು ಹಾಳೆಯಲ್ಲಿ ನಾಲ್ಕು ತಾರೀಖು ಬರೆದರಾಯಿತು: ಮೊದಲ ರೋಗಿಗೆ ಜ್ವರ ಶುರುವಾದ ದಿನ, ಯಾರಾದರೂ ಅದನ್ನು ಅಸಹಜ ಎಂದು ಮೊದಲು ದಾಖಲಿಸಿದ ದಿನ, ತಾಲ್ಲೂಕು ಅಥವಾ ಜಿಲ್ಲೆಗೆ ತಿಳಿಸಿದ ದಿನ, ಆರಂಭಿಕ ಕ್ರಮಗಳಲ್ಲಿ ಕಡೆಯದು ಮುಗಿದ ದಿನ. ಆ ಕ್ರಮಗಳು ಏಳು: ತನಿಖಾ ತಂಡ ಹೋಗುವುದು, ರೋಗದ ಹರಡಿಕೆಯ ವಿಶ್ಲೇಷಣೆ ಮತ್ತು ಅಪಾಯದ ಅಂದಾಜು, ಪ್ರಯೋಗಾಲಯದ ದೃಢೀಕರಣ, ಚಿಕಿತ್ಸೆ ಮತ್ತು ಆಸ್ಪತ್ರೆಯೊಳಗಿನ ಸೋಂಕು ತಡೆ, ಊರಿನಲ್ಲಿ ತಡೆ ಕ್ರಮ, ಜನರೊಂದಿಗೆ ಮಾತುಕತೆ, ಇಲಾಖೆಗಳ ಹೊಂದಾಣಿಕೆ.

ಸಾಮಾನ್ಯ ತಪ್ಪು ಎರಡನೆಯ ತಾರೀಖಿನಲ್ಲಿ. ಪ್ರಯೋಗಾಲಯದ ವರದಿ ಬಂದ ದಿನವನ್ನು ಪತ್ತೆಯಾದ ದಿನ ಎಂದು ಬರೆಯುತ್ತಾರೆ. ಹಾಗೆ ಬರೆದರೆ ಆಶಾ ಕಾರ್ಯಕರ್ತೆ ಎರಡನೆಯ ದಿನವೇ ಎಚ್ಚರಿಸಿದ್ದರೂ ಆ ಚುರುಕು ಕಾಣೆಯಾಗಿ, ಮಾದರಿ ಸಾಗಣೆಯ ತಡ ಅವರ ತಲೆಗೆ ಬರುತ್ತದೆ. ದೃಢೀಕರಣ ಮೂರನೆಯ ಹಂತಕ್ಕೆ ಸೇರಿದ್ದು. ಮೊದಲ ತಾರೀಖು ಜನರ ನೆನಪಿನಿಂದ ಬರಬೇಕಾದ್ದು. 'ಜ್ವರ ಯಾವತ್ತು ಬಂತು' ಎಂದರೆ 'ಒಂದು ವಾರ ಆಯ್ತು' ಎಂಬ ಉತ್ತರವೇ ಬರುತ್ತದೆ. 'ಸಂತೆಗೆ ಹೋಗಿದ್ರಾ, ಹೋಗೋ ಮೊದಲಾ ಬಂದ ಮೇಲಾ' ಎಂದು ಕೇಳಿದರೆ ದಿನ ಸಿಗುತ್ತದೆ. ಪ್ರತಿ ತಡದ ಪಕ್ಕದಲ್ಲಿ ಕಾರಣ ಬರೆಯುವ ಅಂಕಣ ಇರಲೇಬೇಕು: ಕಿಟ್ ಇರಲಿಲ್ಲ, ಜೀಪ್ ಇರಲಿಲ್ಲ, ಭಾನುವಾರ, ರೋಗಿ ಮೊದಲು ಖಾಸಗಿ ಕ್ಲಿನಿಕ್‌ಗೆ ಹೋಗಿದ್ದರು. ಕಾರಣ ಇಲ್ಲದ ತಾರೀಖು ಯಾರ ಉಪಯೋಗಕ್ಕೂ ಬಾರದು.

ಇದರ ಕೊರತೆಗಳೂ ಸಣ್ಣವಲ್ಲ. ಪತ್ತೆಯೇ ಆಗದ ಘಟನೆ ಹಾಳೆಯ ಮೇಲೆ ಬರುವುದೇ ಇಲ್ಲ, ಹಾಗಾಗಿ ಏನೂ ಕಾಣದ ತಾಲ್ಲೂಕು ಪೂರ್ಣ ಅಂಕದ ತಾಲ್ಲೂಕಾಗಿ ತೋರಬಹುದು. ವರ್ಷವಿಡೀ ದೊಡ್ಡ ಘಟನೆ ಇಲ್ಲದಿದ್ದರೆ ಜಾತ್ರೆಯ ಊಟದ ನಂತರದ ವಾಂತಿಭೇದಿ, ಒಂದು ಕೇರಿಯ ಡೆಂಗಿ, ಶಾಲೆಯ ದಡಾರ ಇವನ್ನೂ ಅಳೆಯಬೇಕು. ಇನ್ನೂ ಮುಖ್ಯವಾದದ್ದು: ಇದು ಇಲಾಖೆಯ ಓಟವನ್ನು ಅಳೆಯುತ್ತದೆ, ಜನರ ನಂಬಿಕೆಯನ್ನಲ್ಲ. ಪಶ್ಚಿಮ ಆಫ್ರಿಕಾದ 2014–16ರ ಎಬೋಲಾದಲ್ಲಿ ಶವಸಂಸ್ಕಾರದ ತಂಡಗಳನ್ನು ಊರವರು ಒಳಗೆ ಬಿಟ್ಟುಕೊಳ್ಳದ ಕಡೆ ಉಳಿದ ಕ್ರಮಗಳೂ ನಿಂತವು. ಆ ಭಾಗಕ್ಕೆ ಇಸ್ರೇಲಿನಲ್ಲಿ ರೂಪುಗೊಂಡ ಸಿಸಿಆರ್‌ಎಎಂ ಪ್ರಶ್ನಾವಳಿ ಇದೆ: ನಾಯಕತ್ವ, ಒಗ್ಗಟ್ಟಿನ ಸಾಮರ್ಥ್ಯ, ಸಿದ್ಧತೆ, ಊರಿನ ಮೇಲಿನ ನಂಟು, ಪರಸ್ಪರ ನಂಬಿಕೆ ಎಂಬ ಐದು ಭಾಗ, 28 ಪ್ರಶ್ನೆ; ಹತ್ತು ಪ್ರಶ್ನೆಯ ಚಿಕ್ಕ ರೂಪವೂ ಉಂಟು. ಚಿಕ್ಕದೇ ಸಾಕು. ಆದರೆ ಅದೇ ಊರಿನ ಆಶಾ ಕಾರ್ಯಕರ್ತೆಯಿಂದ ಕೇಳಿಸಬೇಡಿ. 'ಆರೋಗ್ಯ ಇಲಾಖೆಯ ಮೇಲೆ ನಂಬಿಕೆ ಇದೆಯೇ' ಎಂದು ಮನೆಬಾಗಿಲಲ್ಲಿ ನಿಂತು ಅವರೇ ಕೇಳಿದರೆ ಇಲ್ಲ ಎನ್ನುವ ಮನೆ ಸಿಗಲಿಕ್ಕಿಲ್ಲ. ಪಕ್ಕದ ತಾಲ್ಲೂಕಿನ ಕಾಲೇಜು ವಿದ್ಯಾರ್ಥಿಗಳು ಕೇಳಲಿ.

ಅಮೆರಿಕದಲ್ಲಿ ಕೆಲಸ ಮಾಡುವವರು ಸಿಆರ್‌ಇಯಿಂದ ಶುರು ಮಾಡಿ, ಪ್ರದೇಶ ಗುರುತಾದ ಮೇಲೆ ಕಾರಣ ತಿಳಿಯಲು ಎಸ್‌ವಿಐಯ ಶೇಕಡಾವಾರು ಅಂಕಣಗಳಿಗೆ ಬನ್ನಿ. ಒಟ್ಟು ಅಂಕವನ್ನು ಅನುದಾನದ ಅರ್ಜಿಗೆ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಕೆಲಸ ಮಾಡುವವರು 2011ರ ಅಂಕಿಗಳಿಂದ ತಾಲ್ಲೂಕು ಸೂಚ್ಯಂಕ ಕಟ್ಟಲು ತಿಂಗಳುಗಟ್ಟಲೆ ಕೂರುವುದು ಈಗ ಬೇಡ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಹೊಸ ಮನೆಪಟ್ಟಿ ಕೈಗೆ ಬಂದ ಮೇಲೆ ಅದೇ ಶ್ರಮ ಹೆಚ್ಚು ಫಲ ಕೊಡುತ್ತದೆ. ಅಲ್ಲಿಯವರೆಗೆ ಕಳೆದ ಎರಡು ವರ್ಷದಲ್ಲಿ ತಾಲ್ಲೂಕು ಕಂಡ ಐದಾರು ಘಟನೆಗಳ ಕಡತ ತೆಗೆದು ನಾಲ್ಕು ತಾರೀಖಿನ ಹಾಳೆ ತುಂಬಿಸಿ. ಮಲೆನಾಡಿನ ಸಾಗರ, ತೀರ್ಥಹಳ್ಳಿ, ಸಿದ್ದಾಪುರದಂಥ ಕಡೆ ಐದನೆಯ ತಾರೀಖೊಂದನ್ನು ಸೇರಿಸಿ: ಸತ್ತ ಮಂಗವನ್ನು ಊರವರು ಮೊದಲು ಕಂಡ ದಿನ. ಮನುಷ್ಯರಿಗೆ ಜ್ವರ ಬರುವ ಮೊದಲೇ ಎಷ್ಟು ದಿನ ಕೈಯಲ್ಲಿತ್ತು ಎಂಬುದು ಅದರಿಂದ ಗೊತ್ತಾಗುತ್ತದೆ.